ಬೆನ್ನಿಗೆ ಬಲವಾದ ಪೆಟ್ಟಾದ ಮೇಲೆ: ನೋವನ್ನು ನಿಭಾಯಿಸುತ್ತ ಮತ್ತೆ ನಡೆಯುವ ಬಗೆ

ಬೆನ್ನಿಗೆ ಬಲವಾದ ಪೆಟ್ಟು ಬಿದ್ದು ಆಸ್ಪತ್ರೆಯಿಂದ ಮನೆಗೆ ಬಂದವರು ಮೊದಲ ವಾರದಲ್ಲಿ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: ‘ಈ ನೋವು ಯಾವಾಗ ಹೋಗುತ್ತದೆ?’ ಏಣಿಯಿಂದ ಬಿದ್ದು ಸೊಂಟಭಾಗದ ಮೊದಲ ಕಶೇರುಮಣಿಯನ್ನು, ಅಂದರೆ ಬೆನ್ನುಮೂಳೆಯ ಒಂದು ಮಣಿಯನ್ನು, ಮುರಿದುಕೊಂಡಿದ್ದ ನಾನೂ ಅದನ್ನೇ ಕೇಳಿದ್ದೆ. ಆ ಪ್ರಶ್ನೆಗೆ ಯಾರ ಬಳಿಯೂ ಖಚಿತವಾದ ಉತ್ತರ ಇರುವುದಿಲ್ಲ. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಪ್ರಶ್ನೆ ಇನ್ನೊಂದಿದೆ: ‘ಇವತ್ತು ನಾನು ಎಷ್ಟು ಮಾಡಿದರೆ ನಾಳೆ ಬೆಳಿಗ್ಗೆ ಮತ್ತೆ ಅಷ್ಟನ್ನೇ ಮಾಡಬಲ್ಲೆ?’ ಮುಂದೆ ಬರೆದಿರುವುದೆಲ್ಲ ಈ ಪ್ರಶ್ನೆಯನ್ನು ಹಿಡಿದು ಹೊರಟದ್ದು. ವೈದ್ಯರು ಪರೀಕ್ಷಿಸಿ, ಮನೆಗೆ ಹೋಗಬಹುದೆಂದು ಹೇಳಿದ ಮೇಲಿನ ದಿನಗಳಿಗೆ ಇದು ಅನ್ವಯಿಸುತ್ತದೆ. ಆ ಪರೀಕ್ಷೆಗೆ ಇದು ಬದಲಿಯಲ್ಲ.

ಕಾಯಬಾರದ ಲಕ್ಷಣಗಳು

ಬೆನ್ನುಹುರಿಯು ವಯಸ್ಕರಲ್ಲಿ ಸೊಂಟದ ಒಂದನೆಯ ಅಥವಾ ಎರಡನೆಯ ಕಶೇರುಮಣಿಯ ಮಟ್ಟದಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಕುದುರೆಯ ಬಾಲದಂತೆ ಗೊಂಚಲಾಗಿ ಇಳಿದು ಕಾಲು, ಮೂತ್ರಕೋಶ ಮತ್ತು ಕರುಳಿನ ಕೆಳಭಾಗಕ್ಕೆ ಹೋಗುತ್ತವೆ. ಈ ಗೊಂಚಲಿನ ಮೇಲೆ ಒತ್ತಡ ಬಿದ್ದರೆ ತೊಡೆಸಂದು, ಪೃಷ್ಠದ ನಡುವೆ, ಅಂದರೆ ಕುದುರೆಯ ಜೀನಿಗೆ ತಗಲುವ ಜಾಗದಲ್ಲಿ, ಸ್ಪರ್ಶ ತಿಳಿಯದಂತಾಗುತ್ತದೆ. ಮೂತ್ರ ಕಟ್ಟಿಕೊಳ್ಳುತ್ತದೆ ಅಥವಾ ಅರಿವಿಲ್ಲದೆ ಸೋರುತ್ತದೆ. ಮಲದ ಮೇಲಿನ ಹಿಡಿತ ತಪ್ಪುತ್ತದೆ. ಕಾಲಿನ ಬಲ ದಿನದಿಂದ ದಿನಕ್ಕೆ, ಕೆಲವೊಮ್ಮೆ ಗಂಟೆಯಿಂದ ಗಂಟೆಗೆ ಕುಗ್ಗುತ್ತದೆ. ಇವುಗಳಲ್ಲಿ ಯಾವುದು ಕಂಡರೂ ಅದೇ ಗಳಿಗೆಯಲ್ಲಿ ತುರ್ತು ಚಿಕಿತ್ಸೆಗೆ ಹೋಗಬೇಕು, ಏಕೆಂದರೆ ತಡವಾದರೆ ಆದ ನಷ್ಟ ಶಾಶ್ವತವಾಗಿ ಉಳಿಯಬಹುದು. ಜ್ವರದೊಡನೆ ಬರುವ ಬೆನ್ನುನೋವು, ಮಲಗಿದರೂ ತಗ್ಗದೆ ರಾತ್ರಿಯಿಡೀ ಕಾಡುವ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದ ಅಥವಾ ದೀರ್ಘಕಾಲ ಸ್ಟೀರಾಯ್ಡ್ ಸೇವಿಸಿದವರಿಗೆ ಹೊಸದಾಗಿ ಹುಟ್ಟಿದ ನೋವು, ಇವನ್ನೂ ಬೇಗನೆ ವೈದ್ಯರಿಗೆ ತೋರಿಸಬೇಕು.

ಏನು ಕೆಟ್ಟಿದೆ ಎಂಬುದನ್ನು ಸ್ಪಷ್ಟವಾಗಿ ತಿಳಿಯುವುದು

‘ಬೆನ್ನಿಗೆ ಪೆಟ್ಟು’ ಎಂಬ ಒಂದೇ ಮಾತಿನಡಿ ಬೇರೆ ಬೇರೆ ಗಾಯಗಳಿವೆ. ಸ್ನಾಯು ಉಳುಕಿದ್ದರೆ ಅದು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಕಶೇರುಮಣಿ ಕುಸಿದು ಮುರಿದಿದ್ದು, ಜೋಡಣೆ ಸ್ಥಿರವಾಗಿದ್ದರೆ ಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ 8ರಿಂದ 12 ವಾರ ಹಿಡಿಯುತ್ತದೆ. ಕಶೇರುಮಣಿಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಹೊರಚಾಚಿ ನರವನ್ನು ಒತ್ತುತ್ತಿದ್ದರೆ, ಹೊರಬಂದ ಭಾಗವನ್ನು ದೇಹವೇ ತಿಂಗಳುಗಳ ಅವಧಿಯಲ್ಲಿ ಹೀರಿಕೊಳ್ಳುವುದು ಅಪರೂಪವೇನಲ್ಲ. ಹೀಗಿರುವಾಗ ವೈದ್ಯರನ್ನು ಮೂರು ಸಂಗತಿಗಳನ್ನು ಕೇಳಿ, ಉತ್ತರವನ್ನು ಅವರ ಎದುರಿಗೇ ಬರೆದುಕೊಳ್ಳುವುದು ಒಳ್ಳೆಯದು: ನನ್ನ ಬೆನ್ನುಮೂಳೆ ಸ್ಥಿರವಾಗಿದೆಯೇ? ಯಾವ ಚಲನೆ, ಯಾವ ತಾರೀಖಿನವರೆಗೆ ಬೇಡ? ಎಷ್ಟು ಭಾರದವರೆಗೆ ಎತ್ತಬಹುದು? ‘ಜೋಪಾನವಾಗಿರಿ’ ಎಂಬ ಉತ್ತರ ಬಂದರೆ ಇನ್ನೊಮ್ಮೆ ಕೇಳಿ. ಅದರಿಂದ ಮನೆಯಲ್ಲಿ ಏನನ್ನೂ ತೀರ್ಮಾನಿಸಲಾಗದು.

ಎಂಆರ್‌ಐ ವರದಿಯನ್ನು ಒಬ್ಬರೇ ಕೂತು ಓದಿ ಗಾಬರಿಯಾಗಬೇಡಿ. ಬೆನ್ನುನೋವೇ ಇಲ್ಲದವರ ಚಿತ್ರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಒಂದು ವಿಮರ್ಶೆಯಲ್ಲಿ, 20ರ ವಯಸ್ಸಿನವರಲ್ಲಿ ಶೇ. 37ರಷ್ಟು ಮಂದಿಗೂ 80ರ ವಯಸ್ಸಿನವರಲ್ಲಿ ಶೇ. 96ರಷ್ಟು ಮಂದಿಗೂ ಡಿಸ್ಕ್ ಸವೆದಿರುವುದು ಕಂಡುಬಂದಿತ್ತು. ವರದಿಯಲ್ಲಿ ಬರೆದಿರುವುದೆಲ್ಲ ಈ ಪೆಟ್ಟಿನ ಫಲವಲ್ಲ, ಅವೆಲ್ಲವೂ ನೋವಿಗೆ ಕಾರಣವೂ ಅಲ್ಲ.

ನೋವು ಮತ್ತು ಹಾನಿ ಒಂದೇ ಅಲ್ಲ

ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಅವರು 1965ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಗಾಯದ ಜಾಗದಿಂದ ಹೊರಟ ಸಂಕೇತವು ಬೆನ್ನುಹುರಿಯಲ್ಲಿ ಒಂದು ದ್ವಾರವನ್ನು ದಾಟಬೇಕು; ಸ್ಪರ್ಶ, ಚಲನೆ, ಮನಸ್ಸಿನ ಸ್ಥಿತಿ ಇವೆಲ್ಲ ಆ ದ್ವಾರವನ್ನು ಅಗಲಿಸಬಲ್ಲವು ಅಥವಾ ಕಿರಿದಾಗಿಸಬಲ್ಲವು. ಆ ಸಿದ್ಧಾಂತದ ವಿವರಗಳು ಆಮೇಲೆ ಸಾಕಷ್ಟು ತಿದ್ದುಪಡಿ ಕಂಡಿದ್ದರೂ ಮೂಲ ಮಾತು ಉಳಿದಿದೆ. ನೋವು ತಿಂಗಳುಗಟ್ಟಲೆ ಮುಂದುವರಿದರೆ ನರವ್ಯವಸ್ಥೆಯೇ ಸೂಕ್ಷ್ಮವಾಗುತ್ತದೆ. ಒಮ್ಮೆ ಮನೆಗೆ ಕಳ್ಳ ನುಗ್ಗಿದ ಮೇಲೆ ಬಾಗಿಲ ಬಳಿಯ ನಾಯಿ ಎಲೆ ಅಲುಗಿದರೂ ಬೊಗಳುವಂತೆ, ಮೂಳೆ ಕೂಡಿಕೊಂಡ ನಂತರವೂ ಸಣ್ಣ ಅಲುಗಾಟಕ್ಕೇ ನೋವು ಏಳುತ್ತದೆ. ಬೊಗಳುವುದು ಸುಳ್ಳಲ್ಲ, ನೋವೂ ಸುಳ್ಳಲ್ಲ. ಆದರೆ ಪ್ರತಿ ಬೊಗಳಿಕೆಗೂ ಕಳ್ಳ ಬಂದಿರುವುದಿಲ್ಲ. ‘ನೋವೆಲ್ಲ ನಿಮ್ಮ ಮನಸ್ಸಿನಲ್ಲಿದೆ’ ಎಂದು ಯಾರಾದರೂ ಹೇಳಿದರೆ ಅವರು ಈ ವಿಷಯವನ್ನು ಅರ್ಧ ಮಾತ್ರ ತಿಳಿದಿದ್ದಾರೆ ಎಂದುಕೊಳ್ಳಿ.

ಹಾಸಿಗೆಯಿಂದ ಏಳುವುದು

ಬೆನ್ನುನೋವಿಗೆ ವಾರಗಟ್ಟಲೆ ಮಲಗಿರುವುದೇ ಮದ್ದು ಎಂಬ ನಂಬಿಕೆ ಹಳೆಯದು. ನರದ ತೊಂದರೆಯಿಲ್ಲದ ಸಾಮಾನ್ಯ ಸೊಂಟನೋವಿನವರ ಮೇಲೆ ನಡೆದು 1986ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಎರಡು ದಿನ ಮಲಗಲು ಹೇಳಿಸಿಕೊಂಡವರು ಏಳು ದಿನ ಮಲಗಲು ಹೇಳಿಸಿಕೊಂಡವರಿಗಿಂತ ಬೇಗ ಕೆಲಸಕ್ಕೆ ಮರಳಿದರು. ಉಳಿದ ವಿಷಯಗಳಲ್ಲಿ ಹೆಚ್ಚು ಮಲಗಿದವರಿಗೆ ಲಾಭವೇನೂ ಕಾಣಲಿಲ್ಲ. ಮೂಳೆ ಮುರಿದವರ ಅಥವಾ ಶಸ್ತ್ರಚಿಕಿತ್ಸೆ ಆದವರ ಮಾತು ಬೇರೆ, ಅವರು ಎಂದು ಏಳಬೇಕೆಂಬುದನ್ನು ವೈದ್ಯರೇ ಹೇಳಬೇಕು. ಆದರೆ ಅವರಿಗೂ, ಏಳಬಹುದೆಂದ ಮೇಲೆ, ಹಾಸಿಗೆ ನಿದ್ದೆಗೆ ಮಾತ್ರ ಇರಬೇಕು.

ಏಳುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ದಿನದ ಮೊದಲ ನೋವು ಬಹುತೇಕ ಅಲ್ಲೇ ಹುಟ್ಟುತ್ತದೆ. ಅಂಗಾತ ಮಲಗಿರುವಾಗ ಮೊದಲು ಒಂದು ಮೊಣಕಾಲನ್ನು, ಆಮೇಲೆ ಇನ್ನೊಂದನ್ನು ಮಡಿಸಿ, ಪಾದಗಳನ್ನು ಹಾಸಿಗೆಯ ಮೇಲೆ ಊರಿ. ಹೊಟ್ಟೆಯನ್ನು ತುಸು ಬಿಗಿಹಿಡಿದು, ಭುಜ, ಸೊಂಟ, ಮೊಣಕಾಲು ಮೂರೂ ಒಟ್ಟಿಗೆ, ಮರದ ದಿಮ್ಮಿ ಉರುಳಿದಂತೆ, ಹಾಸಿಗೆಯ ಅಂಚಿನ ಕಡೆಗೆ ಮಗ್ಗುಲಾಗಿ. ಭುಜ ಮುಂದೆ ಹೋಗಿ ಸೊಂಟ ಹಿಂದೆ ಉಳಿದರೆ ಬೆನ್ನು ತಿರುಚುತ್ತದೆ. ಈಗ ಪಾದಗಳನ್ನು ಅಂಚಿನಿಂದ ಕೆಳಕ್ಕೆ ಇಳಿಬಿಡಿ. ಕಾಲುಗಳ ಭಾರ ಕೆಳಗಿಳಿಯುತ್ತಿದ್ದಂತೆಯೇ ಕೆಳಗಿನ ಮೊಣಕೈಯಿಂದಲೂ ಮೇಲಿನ ಅಂಗೈಯಿಂದಲೂ ಹಾಸಿಗೆಯನ್ನು ಒತ್ತಿ, ಉಸಿರು ಬಿಡುತ್ತ ಎದ್ದು ಕುಳಿತುಕೊಳ್ಳಿ. ಉಸಿರು ಕಟ್ಟಬೇಡಿ. ಒಂದು ನಿಮಿಷ ಹಾಗೇ ಕುಳಿತು, ತಲೆಸುತ್ತು ಇಲ್ಲವೆಂದು ಖಚಿತವಾದ ಮೇಲೆ, ತೊಡೆಯ ಬಲದಿಂದ ನಿಂತುಕೊಳ್ಳಿ. ಮಲಗುವಾಗ ಇದೇ ಕ್ರಮವನ್ನು ಹಿಂದುಮುಂದಾಗಿ ಮಾಡಬೇಕು. ಅಂಗಾತ ಮಲಗುವವರು ಮೊಣಕಾಲಿನ ಕೆಳಗೂ, ಮಗ್ಗುಲಾಗಿ ಮಲಗುವವರು ಎರಡು ಮೊಣಕಾಲುಗಳ ನಡುವೆಯೂ ದಿಂಬು ಇಟ್ಟುಕೊಂಡರೆ ರಾತ್ರಿ ಎಚ್ಚರವಾಗುವುದು ಕಡಿಮೆಯಾಗಬಹುದು.

ರಾತ್ರಿ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ, ಹಾಗಾಗಿ ಎದ್ದ ಮೊದಲ ಒಂದು ಗಂಟೆ ಆಳವಾಗಿ ಮುಂದಕ್ಕೆ ಬಾಗದಿರುವುದು ಲೇಸು. ಹಲ್ಲುಜ್ಜುವಾಗ ಒಂದು ಕೈಯನ್ನು ಬೇಸಿನ್ನಿನ ಅಂಚಿಗೆ ಊರಿ, ಬೆನ್ನನ್ನು ಬಗ್ಗಿಸದೆ ಸೊಂಟದ ಕೀಲಿನಿಂದ ವಾಲಿಕೊಳ್ಳಿ. ಸೀನು ಬಂದಾಗ ಗೋಡೆಯನ್ನೋ ತೊಡೆಯನ್ನೋ ಕೈಯಿಂದ ಒತ್ತಿ ಹಿಡಿದು, ನೆಟ್ಟಗೆ ನಿಂತು ಸೀನಿ. ಇದು ನನಗೆ ಎರಡನೆಯ ಸೀನಿಗೆ ಗೊತ್ತಾಯಿತು.

ಔಷಧಿ

ನೋವು ತಡೆಯಲಾರದಷ್ಟು ಏರುವವರೆಗೆ ಕಾದು ಮಾತ್ರೆ ನುಂಗುವುದಕ್ಕಿಂತ, ಮೊದಲ ದಿನಗಳಲ್ಲಿ ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವುದು ಹೆಚ್ಚು ಫಲಕಾರಿ. ಆರೋಗ್ಯವಂತ ವಯಸ್ಕರಿಗೆ ಪ್ಯಾರಾಸಿಟಮಾಲ್‌ನ ಮಿತಿ 24 ಗಂಟೆಗೆ 4 ಗ್ರಾಂ. ಯಕೃತ್ತಿನ ತೊಂದರೆಯಿರುವವರಿಗೆ, ತೂಕ ತೀರ ಕಡಿಮೆಯಿರುವವರಿಗೆ ಅದಕ್ಕಿಂತ ಕಡಿಮೆ. ನೆಗಡಿಯ ಮಾತ್ರೆಗಳಲ್ಲೂ ಅದು ಅಡಗಿರುತ್ತದೆ, ಲೆಕ್ಕ ತಪ್ಪುವುದು ಅಲ್ಲೇ. ಐಬುಪ್ರೊಫೆನ್, ಡೈಕ್ಲೋಫಿನಾಕ್‌ಗಳಂಥ ಉರಿಯೂತ ನಿವಾರಕಗಳನ್ನು ಊಟದೊಡನೆ, ಸಾಧ್ಯವಾದಷ್ಟು ಕಡಿಮೆ ದಿನ ಬಳಸಬೇಕು. ಒಂದೇ ಗುಂಪಿನ ಎರಡನ್ನು ಒಟ್ಟಿಗೆ ತೆಗೆದುಕೊಳ್ಳಬಾರದು. ಹೊಟ್ಟೆಹುಣ್ಣು, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇದ್ದರೆ ಕೇಳದೆ ಮುಟ್ಟಬಾರದು. ಓಪಿಯಾಯ್ಡ್ ಮಾತ್ರೆಗಳು, ಅಂದರೆ ಅಫೀಮಿನ ಬಗೆಯ ಬಲವಾದ ನೋವುನಿವಾರಕಗಳು, ಅಭ್ಯಾಸವಾಗಬಲ್ಲವು, ಮದ್ಯ ಅಥವಾ ನಿದ್ರೆ ಮಾತ್ರೆಯ ಜೊತೆ ಸೇರಿದರೆ ಉಸಿರಾಟವನ್ನೇ ಕುಗ್ಗಿಸಬಲ್ಲವು, ಮತ್ತು ಬಹುಮಂದಿಗೆ ಮಲಬದ್ಧತೆ ತರುತ್ತವೆ. ಮುಕ್ಕರಿದಾಗ ಬೆನ್ನಿನ ಮೇಲೆ ಬೀಳುವ ಒತ್ತಡ ಅನುಭವಿಸಿದವರಿಗೇ ಗೊತ್ತು. ಆದ್ದರಿಂದ ನೀರು, ನಾರಿನಂಶ ಮತ್ತು ಬೇಕಿದ್ದರೆ ಮಲ ಸಡಿಲಿಸುವ ಔಷಧಿ ಮೊದಲ ದಿನದಿಂದಲೇ ಇರಲಿ. ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ಗಳನ್ನು ಇದ್ದಕ್ಕಿದ್ದಂತೆ ನಿಲ್ಲಿಸಬಾರದು.

ಬಿಸಿ ಶಾಖ ಅಥವಾ ತಣ್ಣನೆಯ ಪಟ್ಟಿ, ಯಾವುದು ಹಿತವೋ ಅದನ್ನು, ಬಟ್ಟೆ ಸುತ್ತಿ 15–20 ನಿಮಿಷ ಇಡಬಹುದು. ಜೋಮು ಹಿಡಿದ ಚರ್ಮದ ಮೇಲೆ ಬೇಡ, ಸುಟ್ಟರೂ ತಿಳಿಯುವುದಿಲ್ಲ.

ನಡಿಗೆಯ ಲೆಕ್ಕ

ಚೇತರಿಕೆ ಹಳಿ ತಪ್ಪುವುದು ಹೆಚ್ಚಾಗಿ ಒಳ್ಳೆಯ ದಿನಗಳಲ್ಲಿ. ಏಳನೆಯ ವಾರದಲ್ಲಿ ಒಂದು ದಿನ ನನಗೆ ನೋವೇ ಇರಲಿಲ್ಲವೆನ್ನಿಸಿತು. ಆ ಹುರುಪಿನಲ್ಲಿ ಕಪಾಟಿನ ಪುಸ್ತಕಗಳನ್ನೆಲ್ಲ ಇಳಿಸಿ ಒರೆಸಿಟ್ಟೆ, ಆಮೇಲೆ ನಾಲ್ಕು ದಿನ ಮಲಗಿದೆ. ಹೀಗೆ ಒಂದು ದಿನದ ಹುರುಪು, ನಾಲ್ಕು ದಿನದ ಹಾಸಿಗೆ ಎಂಬ ಸುತ್ತು ಹಿಡಿದರೆ ತಿಂಗಳಾದರೂ ಶಕ್ತಿ ಇದ್ದಲ್ಲೇ ಇರುತ್ತದೆ.

ಇದನ್ನು ಮುರಿಯಲು ಮೊದಲು ನಿಮ್ಮ ಅಳತೆ ಗೊತ್ತಾಗಬೇಕು. ಮೂರು ದಿನ ಸಮತಟ್ಟಾದ ನೆಲದಲ್ಲಿ ನಡೆದು, ನೋವು ಏರತೊಡಗುವ ಹೊತ್ತನ್ನು ಬರೆದುಕೊಳ್ಳಿ. ಮೊದಲ ದಿನ 8 ನಿಮಿಷ, ಮರುದಿನ 12, ಮೂರನೆಯ ದಿನ 10 ಎಂದಾದರೆ ಸರಾಸರಿ 10. ಅದರಿಂದ ಐದನೆಯ ಒಂದು ಭಾಗ ಕಳೆದರೆ 8. ನಿಮ್ಮ ನಡಿಗೆ 8 ನಿಮಿಷದಿಂದ ಶುರುವಾಗಲಿ, ದಿನಕ್ಕೆ ಎರಡು ಅಥವಾ ಮೂರು ಸಲ. ಒಳ್ಳೆಯ ದಿನವೂ 8, ಕೆಟ್ಟ ದಿನವೂ 8. ವಾರಕ್ಕೆ ಹತ್ತರಲ್ಲಿ ಒಂದು ಪಾಲಿನಷ್ಟು ಏರಿಸಿದರೆ ಸಾಕು. ಇದು ಆಮೆಯ ನಡಿಗೆಯಂತೆ ಕಾಣುತ್ತದೆ, ಆದರೆ ಈ ವೇಗದಲ್ಲೂ ಎರಡು ತಿಂಗಳಿಗೆ ಅವಧಿ ಇಮ್ಮಡಿಯಾಗುತ್ತದೆ.

ಏರಿಸಬೇಕೋ ಬೇಡವೋ ಎಂಬುದನ್ನು ಮರುದಿನದ ಬೆಳಗು ತೀರ್ಮಾನಿಸಲಿ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ, ನಡೆಯುವಾಗ ನೋವು ಒಂದೆರಡು ಅಂಕ ಏರಿ, ಬೆಳಗಾಗುವಷ್ಟರಲ್ಲಿ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಮಾಡಿದ್ದು ಸರಿಯಾಗಿದೆ. ಇಳಿಯದಿದ್ದರೆ ಹಿಂದಿನ ವಾರದ ಅವಧಿಗೆ ಹೋಗಿ. ಕಾಲಿಗೆ ಸೆಳೆಯುವ ನೋವಿರುವವರು ಇನ್ನೊಂದನ್ನು ಗಮನಿಸಬೇಕು: ಮೀನಖಂಡದಲ್ಲಿದ್ದ ನೋವು ತೊಡೆಗೆ, ತೊಡೆಯಿಂದ ಸೊಂಟಕ್ಕೆ ಹಿಂದೆ ಸರಿಯುತ್ತಿದ್ದರೆ, ಸೊಂಟದಲ್ಲಿ ನೋವು ತುಸು ಹೆಚ್ಚಿದರೂ ಅದು ಒಳ್ಳೆಯ ಸೂಚನೆ. ಅದೇ ನೋವು ಪಾದದ ಕಡೆಗೆ ಇಳಿಯುತ್ತಿದ್ದರೆ ಆ ಚಲನೆಯನ್ನು ನಿಲ್ಲಿಸಿ ಫಿಸಿಯೋಥೆರಪಿಸ್ಟರಿಗೆ ತಿಳಿಸಿ.

ಗುಣವಾದ ಮೇಲೂ ನಡಿಗೆಯನ್ನು ಬಿಡಬಾರದೆನ್ನಲು ಆಧಾರವಿದೆ. ಸೊಂಟನೋವಿನಿಂದ ಚೇತರಿಸಿಕೊಂಡವರ ಮೇಲೆ ಆಸ್ಟ್ರೇಲಿಯದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಾರ್ಗದರ್ಶನದೊಡನೆ ಹಂತಹಂತವಾಗಿ ನಡಿಗೆ ಹೆಚ್ಚಿಸಿದವರಿಗೆ ನೋವು ಮರುಕಳಿಸಲು ಮಧ್ಯಾಂಕ ಲೆಕ್ಕದಲ್ಲಿ (ಅರ್ಧ ಮಂದಿಗೆ ಇದಕ್ಕಿಂತ ಬೇಗ, ಅರ್ಧ ಮಂದಿಗೆ ತಡ) 208 ದಿನ ಹಿಡಿಯಿತು, ಉಳಿದವರಿಗೆ 112 ದಿನ.

ಸ್ನಾಯುಗಳ ಬಲಕ್ಕೆ, ಫಿಸಿಯೋಥೆರಪಿಸ್ಟರು ಒಪ್ಪಿದ ಮೇಲೆ, ಕೆನಡಾದ ಬೆನ್ನುಮೂಳೆ ಸಂಶೋಧಕ ಸ್ಟುವರ್ಟ್ ಮೆಕ್‌ಗಿಲ್ ಅವರು ಜನಪ್ರಿಯಗೊಳಿಸಿದ ಒಂದು ವ್ಯಾಯಾಮ ಸಾಕಷ್ಟು ಸುರಕ್ಷಿತವಾದದ್ದು: ಅಂಗೈ ಮತ್ತು ಮೊಣಕಾಲುಗಳ ಮೇಲೆ ನಿಂತು, ಬಲಗೈಯನ್ನೂ ಎಡಗಾಲನ್ನೂ ಬೆನ್ನಿನ ಮಟ್ಟಕ್ಕೆ ಚಾಚಿ ಸುಮಾರು 10 ಸೆಕೆಂಡು ಹಿಡಿದು, ಇಳಿಸಿ, ಬದಿ ಬದಲಿಸುವುದು. ಸೊಂಟದ ಮೇಲೆ ನೀರಿನ ಬಟ್ಟಲಿಟ್ಟರೂ ತುಳುಕದಂತೆ ಇರಬೇಕು. ಮೂಳೆ ಟೊಳ್ಳಾಗಿ ಕಶೇರುಮಣಿ ಕುಸಿದವರು ಮುಂದಕ್ಕೆ ಬಾಗುವ, ಮಲಗಿ ಎದ್ದು ಕೂರುವ ವ್ಯಾಯಾಮಗಳಿಂದ ದೂರವಿರಬೇಕು. ಬೆನ್ನುಪಟ್ಟಿ ಕೊಟ್ಟಿದ್ದರೆ ಹೇಳಿದಷ್ಟು ವಾರ ಮಾತ್ರ ಧರಿಸಿ. ಅದನ್ನು ಬೇಗ ಬಿಡುವುದೂ ತಪ್ಪು, ಭಯದಿಂದ ಬಿಡದೆ ಇರುವುದೂ ತಪ್ಪು. ಧೂಮಪಾನ ಮೂಳೆ ಕೂಡುವುದನ್ನು ನಿಧಾನಗೊಳಿಸುತ್ತದೆ.

ಮನೆಯವರಿಗೂ ಒಂದು ಮಾತು. ಬಿದ್ದ ಪೆನ್ನನ್ನು ಎತ್ತಿಕೊಡುವುದು ಸಹಾಯ; ಮೂರನೆಯ ತಿಂಗಳಲ್ಲೂ ಲೋಟ ತೊಳೆಯಲು ಬಿಡದಿರುವುದು ಸಹಾಯವಲ್ಲ. ನಿದ್ದೆ ಕೆಟ್ಟು, ಯಾವುದರಲ್ಲೂ ಆಸಕ್ತಿಯಿಲ್ಲದೆ ಎರಡು ವಾರ ಕಳೆದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಖಿನ್ನತೆ ನೋವನ್ನು ಹೆಚ್ಚಿಸುತ್ತದೆ, ಅದಕ್ಕೆ ಚಿಕಿತ್ಸೆಯಿದೆ.

ನೋವು ಮರುಕಳಿಸಿದಾಗ

ನೋವು ಮತ್ತೆ ಕೆರಳುವ ದಿನ ಬಂದೇ ಬರುತ್ತದೆ. ಆ ಹೊತ್ತಿನಲ್ಲಿ ಯೋಚಿಸುವ ತಾಳ್ಮೆ ಇರುವುದಿಲ್ಲ, ಆದ್ದರಿಂದ ಏನು ಮಾಡಬೇಕೆಂಬುದನ್ನು ಚೆನ್ನಾಗಿರುವಾಗಲೇ ಬರೆದಿಡಬೇಕು: ಯಾವ ಮಾತ್ರೆ, ಎಷ್ಟು, ಎಷ್ಟು ದಿನ, ನಡಿಗೆಯನ್ನು ಎರಡು ದಿನ ಅರ್ಧಕ್ಕಿಳಿಸುವುದು, ಆದರೆ ಸೊನ್ನೆಗೆ ಇಳಿಸದಿರುವುದು, ಯಾವ ಭಂಗಿಯಲ್ಲಿ ಮಲಗಿದರೆ ಹಿತ, ಯಾರಿಗೆ ಫೋನು ಮಾಡಬೇಕು. ನನ್ನ ಹಾಳೆ ಅದೇ ಪುಸ್ತಕದ ಕಪಾಟಿನ ಬಾಗಿಲ ಒಳಬದಿಗೆ ಅಂಟಿಕೊಂಡಿದೆ. ಅದರ ಮೊದಲ ಸಾಲು: ‘ಮೂತ್ರ ಸರಿಯಾಗಿ ಹೋಗುತ್ತಿದೆಯೇ, ಹಿಮ್ಮಡಿಯ ಮೇಲೂ ತುದಿಗಾಲಿನ ಮೇಲೂ ನಿಲ್ಲಲಾಗುತ್ತದೆಯೇ ನೋಡು. ಹೌದಾದರೆ ನಾಲ್ಕು ನಿಮಿಷ ನಡೆ.’