ಪೇಟಿ ಮಾಸ್ತರ ಮತ್ತು ಮಾಯೆಸ್ತ್ರೊ: ಒಂದು ಲೇಖನ ಬರೆದ ಅನುಭವ

ಗದಗದಲ್ಲಿ ನನ್ನ ಸೋದರಮಾವನ ಮನೆ. ಒಂದು ಸಂಜೆ ಅವರ ಪಡಸಾಲೆಯಲ್ಲಿ ಕೂತು ನನ್ನ ಲೇಖನ ಓದಿ ಹೇಳಿದೆ. ಎಂಟು ಪುಟ. ಮಾವ ನಡುವೆ ಒಂದು ಮಾತೂ ಆಡಲಿಲ್ಲ. ಓದಿ ಮುಗಿಸಿದ ಮೇಲೆ ಎಲೆ ಅಡಿಕೆ ಡಬ್ಬಿ ಮುಚ್ಚಿ ಕೇಳಿದರು.

"ಏನವ್ವಿ, ಇಷ್ಟೊತ್ತು ಓದಿದಿ. ಆ ಮನಷ್ಯಾ ಹಾಡೂದಿಲ್ಲ, ಬಾರಸೂದಿಲ್ಲ. ಬರೇ ಊರಿಂದ ಊರಿಗೆ ಹೊಕ್ಕಾನ. ಮತ್ತ ಅವ ಮಾಡೂದರ ಏನು?"

ಲೇಖನ ಇದ್ದದ್ದು ಆರ್ತುರೊ ತೊಸ್ಕನೀನಿ ಬಗ್ಗೆ. 1867ರಲ್ಲಿ ಇಟಲಿಯ ಪಾರ್ಮಾದಲ್ಲಿ ಒಬ್ಬ ದರ್ಜಿಯ ಮಗನಾಗಿ ಹುಟ್ಟಿದವರು. 1957ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಒಪೆರಾ ಅಂದರೆ ಪಾತ್ರಗಳು ಹಾಡಿನಲ್ಲೇ ಕಥೆ ನಡೆಸುವ ನಾಟಕ. ಅದಕ್ಕೆ ನುಡಿಸುವ ದೊಡ್ಡ ವಾದ್ಯಮೇಳವನ್ನೂ ರಂಗದ ಮೇಲೆ ಹಾಡುವವರನ್ನೂ ಒಟ್ಟಿಗೆ ನಡೆಸುವವರು ಕಂಡಕ್ಟರ್. ನಾನು ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸದವಳು. ರಾತ್ರಿ ಊಟ ಆದ ಮೇಲೆ ತೊಸ್ಕನೀನಿಯವರ ಹಳೆಯ ಧ್ವನಿಮುದ್ರಣ ಕೇಳುವ ಅಭ್ಯಾಸ ಎಷ್ಟೋ ವರ್ಷದ್ದು. ಧಾರವಾಡದ ಒಂದು ಮಾಸಪತ್ರಿಕೆಯ ಸಂಪಾದಕರು "ನಮ್ಮ ಓದುಗರಿಗೆ ಹಿಡಿಸುವ ಹಾಗೆ ಬರೆದುಕೊಡಿ" ಅಂದಾಗ ಖುಷಿಯಿಂದ ಒಪ್ಪಿಕೊಂಡಿದ್ದೆ.

ಆದರೆ ಬರೆದದ್ದೇನು? ಹುಟ್ಟು, ಓದು, ಟ್ಯೂರಿನ್, ಮಿಲಾನ್, ನ್ಯೂಯಾರ್ಕ್, ಮತ್ತೆ ಮಿಲಾನ್. ಯಾವ ವರ್ಷ ಯಾವ ಹುದ್ದೆ, ಯಾವ ಒಪೆರಾದ ಮೊದಲ ಪ್ರದರ್ಶನ. ಎಲ್ಲ ಸರಿ ಇತ್ತು, ಒಂದೂ ತಪ್ಪಿರಲಿಲ್ಲ. ಸರ್ವಿಸ್ ರಿಜಿಸ್ಟರ್ ಓದಿದ ಹಾಗಿತ್ತು, ಅಷ್ಟೇ. ಮಾವ ಕಂಪನಿ ನಾಟಕಗಳಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ತಬಲಾ ಬಾರಿಸಿದವರು. ಅಂಥವರಿಗೇ ಆ ಕೆಲಸ ಕಣ್ಣಿಗೆ ಕಟ್ಟಲಿಲ್ಲ ಅಂದರೆ ಇನ್ನಾರಿಗೆ ಕಟ್ಟೀತು?

ರಾತ್ರಿ ಹುಬ್ಬಳ್ಳಿಗೆ ವಾಪಸ್ ಹೋಗಲಿಲ್ಲ. ಅಲ್ಲೇ ಉಳಿದೆ. "ನಿಮ್ಮ ಕಂಪನಿಯಲ್ಲಿ ಪೇಟಿ ಮಾಸ್ತರರು ಏನು ಮಾಡುತ್ತಿದ್ದರು, ಹೇಳ್ರಿ ಮಾವ" ಅಂದೆ. ಅವರಿಗೆ ಅದು ಇಷ್ಟದ ಮಾತು. ಹನ್ನೊಂದರ ತನಕ ಹೇಳಿದರು.

ರಂಗದ ಮುಂದೆ, ಕೆಳಗೆ, ಕಾಲುಪೇಟಿ, ಅಂದರೆ ಕಾಲಿನಿಂದ ಒತ್ತುವ ಹಾರ್ಮೋನಿಯಂ, ಇಟ್ಟುಕೊಂಡು ಮಾಸ್ತರ ಕೂರುತ್ತಿದ್ದರು. ಪಕ್ಕದಲ್ಲಿ ತಬಲಾ. ನಾಟಕ ಶುರುವಾದ ಮೇಲೆ ಮಾಸ್ತರರ ಕಣ್ಣು ಪೇಟಿಯ ಮೇಲೆ ಇರುತ್ತಲೇ ಇರಲಿಲ್ಲ, ನಟರ ಬಾಯಿಯ ಮೇಲೆ. ನಟ ಯಾವ ಮಾತಿನ ಮೇಲೆ ಹಾಡಿಗೆ ತಿರುಗುತ್ತಾನೆ, ಇವತ್ತು ಗಂಟಲು ಹೇಗಿದೆ, ಉಸಿರು ಎಲ್ಲಿ ತೆಗೆಯುತ್ತಾನೆ, ಎಲ್ಲ ಅವರಿಗೆ ಗೊತ್ತು. "ಮಾಸ್ತರ ಹುಬ್ಬ ಏರಿಸಿದ್ರ ನಾ ಲಯ ಏರಸಬೇಕು. ತಲಿ ತಗ್ಗಿಸಿದ್ರ ಮುಗಸಬೇಕು. ಬಾಯಿಲೆ ಒಂದ ಮಾತ ಹೇಳತಿದ್ದಿಲ್ಲ" ಅಂದರು ಮಾವ. ಹಾವೇರಿ ಕ್ಯಾಂಪಿನಲ್ಲಿ ಒಂದು ರಾತ್ರಿ ನಾಯಕ ನಟನಿಗೆ ಹಾಡಿನ ಎರಡನೇ ಚರಣ ಮರೆತೇಹೋಯಿತಂತೆ. ಮಾಸ್ತರ ಪಲ್ಲವಿಯ ಧಾಟಿಯನ್ನೇ ನಾಲ್ಕು ಸುತ್ತು ತಿರುಗಿಸಿ, ಅವನಿಗೆ ನೆನಪಾಗುವ ತನಕ ಕಾದರು. ಮಂದಿಗೆ ಗೊತ್ತೇ ಆಗಲಿಲ್ಲ.

ಆ ರಾತ್ರಿಯೇ ನನಗೆ ಪದವೂ ಸಿಕ್ಕಿತು. ಅಲ್ಲಿಯ ತನಕ ಪದಗಳದ್ದೇ ದೊಡ್ಡ ತೊಂದರೆ. 'ಕಂಡಕ್ಟರ್' ಅಂದರೆ ನಮ್ಮ ಕಡೆ ಬಸ್ಸಿನವರು. 'ಸಂಗೀತ ನಿರ್ದೇಶಕ' ಅಂದರೆ ಸಿನಿಮಾ ಹಾಡಿಗೆ ಧಾಟಿ ಹಾಕುವವರು, ಅದು ಬೇರೆಯೇ ಕೆಲಸ. 'ವಾದ್ಯವೃಂದ ಸಂಚಾಲಕ' ಅಂತ ಬರೆದು ನೋಡಿದ್ದೆ, ಆಫೀಸಿನ ಸುತ್ತೋಲೆ ಹಾಗೆ ಕಂಡಿತು. ಇಟಲಿಯವರು ಇವರನ್ನು ಕರೆಯುವುದು 'ಮಾಯೆಸ್ತ್ರೊ' ಅಂತ. ಅದು ಲ್ಯಾಟಿನ್‌ನ 'ಮಾಗಿಸ್ತೆರ್' ಅನ್ನುವ ಪದದಿಂದ ಬಂದದ್ದು. ಇಂಗ್ಲಿಷಿನ 'ಮಾಸ್ಟರ್' ಕೂಡ ಅದೇ ಬೇರಿನದು, ಅದರಿಂದಲೇ ನಮ್ಮ 'ಮಾಸ್ತರ'. ಅಂದರೆ ಗದಗದ ಪೇಟಿ ಮಾಸ್ತರ, ಮಿಲಾನಿನ ಮಾಯೆಸ್ತ್ರೊ, ಇಬ್ಬರ ಹೆಸರೂ ಒಂದೇ ಪದ. ಇದನ್ನು ನಾನು ಹುಟ್ಟಿಸಬೇಕಾಗಿರಲಿಲ್ಲ, ಮೊದಲೇ ಇತ್ತು. ಲೇಖನದ ಉದ್ದಕ್ಕೂ 'ಮಾಸ್ತರ' ಅಂತಲೇ ಬರೆದೆ.

ಹೋಲಿಕೆ ಸಿಕ್ಕಿತು ಅಂತ ಅಲ್ಲಿಗೇ ನಿಂತಿದ್ದರೆ ಲೇಖನ ಸುಳ್ಳಾಗುತ್ತಿತ್ತು. ಇಬ್ಬರ ಕೆಲಸ ಎಲ್ಲಿ ಬೇರೆಯಾಗುತ್ತದೆ ಅನ್ನುವುದೇ ಹೆಚ್ಚು ಸ್ವಾರಸ್ಯದ್ದು. ಮರುದಿನ ಬೆಳಿಗ್ಗೆ ಮಾವನಿಗೆ ಮೊಬೈಲಿನಲ್ಲಿ ಇಟಲಿಯ ಸಂಗೀತಕಾರ ವೆರ್ದಿಯವರ 'ಆಯಿದಾ' ಒಪೆರಾದ ಎರಡನೇ ಅಂಕ ತೋರಿಸಿದೆ. ಸೇನೆ ಗೆದ್ದು ಬರುವ ದೃಶ್ಯ. ರಂಗದ ಮೇಲೆ ನೂರಾರು ಜನ, ಉದ್ದನೆ ತುತ್ತೂರಿ ಹಿಡಿದವರು, ಕೆಳಗೆ ತಗ್ಗಿನಲ್ಲಿ ಎಂಬತ್ತರ ಹತ್ತಿರ ವಾದ್ಯದವರು. ಹಾಡುವವರ ಮುಂದೆ ಮೈಕ್ ಇಲ್ಲ. ಮಾವ ಮೊದಲು ಕೇಳಿದ್ದೇ ಅದು: "ಮೈಕ್ ಇಲ್ದ ಇಷ್ಟು ವಾದ್ಯದ ಮ್ಯಾಲ ದನಿ ಹ್ಯಾಂಗ ಬರತೈತಿ?" ಅದಕ್ಕೆ ಅರ್ಧ ಉತ್ತರ ಗಾಯಕರ ಸಾಧನೆ, ಇನ್ನರ್ಧ ಮಾಸ್ತರರ ಎಡಗೈ. ಬಲಗೈಯ ಕೋಲು ಲಯ ತೋರಿಸುತ್ತದೆ. ಎಡಗೈ ಒಂದು ಕಡೆ ವಾದ್ಯ ತಗ್ಗಿಸುತ್ತದೆ, ಇನ್ನೊಂದು ಕಡೆ ಹಾಡುವವರಿಗೆ 'ಈಗ ಬಾ' ಅನ್ನುತ್ತದೆ.

ಇನ್ನೊಂದು ಲೆಕ್ಕ ಮಾವನಿಗೆ ತುಂಬಾ ಹಿಡಿಸಿತು. ಸದ್ದು ಗಾಳಿಯಲ್ಲಿ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ದೊಡ್ಡ ರಂಗದ ಹಿಂದಿನ ತುದಿಯಲ್ಲಿ ನಿಂತವರಿಗೂ ಕೆಳಗಿನ ವಾದ್ಯದವರಿಗೂ 34 ಮೀಟರ್ ದೂರ ಅಂದುಕೊಳ್ಳಿ. ವಾದ್ಯದ ಸದ್ದು ಅವರ ಕಿವಿಗೆ ಬೀಳುವಾಗ ಸೆಕೆಂಡಿನ ಹತ್ತನೇ ಒಂದು ಭಾಗ ತಡ. ಅದನ್ನು ಕೇಳಿ ಅವರು ಹಾಡಿದರೆ ಆ ಹಾಡು ಮುಂದಿನವರಿಗೆ ಮುಟ್ಟುವುದು ಇನ್ನೂ ಅಷ್ಟೇ ತಡ. ದ್ರುತ ಲಯದಲ್ಲಿ ಇದು ದೊಡ್ಡ ತಪ್ಪು. ಹಾಗಾಗಿ ಅವರು ಕಿವಿಯನ್ನು ನಂಬದೆ ಮಾಸ್ತರರ ಕೈಯನ್ನೇ ನಂಬಬೇಕು. ಆ ಕೈ ಸದ್ದಿಗಿಂತ ಮುಂಚೆ ಮೇಲೇಳುತ್ತದೆ. ಬರುವ ಸ್ವರ ಎಷ್ಟು ವೇಗ, ಎಷ್ಟು ಜೋರು, ಎಷ್ಟು ಮೆತ್ತಗೆ ಅನ್ನುವುದು ಆ ಏಳುವುದರಲ್ಲೇ ಇರುತ್ತದೆ. "ಹಂಗಾರ ಸಮ್ ಬರೂಕಿಂತ ಮೊದಲ ಸಮ್ ತೋರಸ್ತಾನ" ಅಂದರು ಮಾವ. ಸಮ್ ಅಂದರೆ ತಾಳದ ಮೊದಲ ಪೆಟ್ಟು. ಈ ವಾಕ್ಯವನ್ನು ಹಾಗೇ ಲೇಖನಕ್ಕೆ ತೆಗೆದುಕೊಂಡೆ. ಮತ್ತೆ ಇಲ್ಲಿ ಪಲ್ಲವಿ ತಿರುಗಿಸುತ್ತಾ ಕಾಯುವಂತಿಲ್ಲ. ಪ್ರತಿಯೊಬ್ಬರ ಸ್ವರವೂ ಕಾಗದದಲ್ಲಿ ಬರೆದಿದೆ. ಒಬ್ಬ ಗಾಯಕ ಎರಡು ಮಾತ್ರೆ ಮುಂದೆ ಹಾರಿದರೆ ಎಂಬತ್ತು ಜನರನ್ನೂ ಅವನ ಹಿಂದೆ ಹಾರಿಸಬೇಕು. ಅದೂ ಬಾಯಿ ಬಿಡದೆ.

ಕೆಲಸ ಏನು ಅಂತ ಹೇಳುವುದು ಹೀಗೆ ಬಗೆಹರಿಯಿತು. ಬದುಕನ್ನು ಯಾವ ದಾರದಲ್ಲಿ ಪೋಣಿಸುವುದು? 68 ವರ್ಷದ ಕೆಲಸ, ಹತ್ತಾರು ಊರು. ಎಲ್ಲ ಹೇಳಲು ಹೋದರೆ ಮತ್ತೆ ಸರ್ವಿಸ್ ರಿಜಿಸ್ಟರೇ.

ಹುಬ್ಬಳ್ಳಿಗೆ ಹೊರಟಾಗ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿದ್ದೆ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಬೆಳೆಸಿದ ಜಾಗ. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಕಾಗದ ನೋಡದೆ, ಕಿವಿಯಿಂದ ಕೇಳಿ ನೆನಪಿನಲ್ಲಿ ಇಟ್ಟುಕೊಳ್ಳುವ ವಿದ್ಯೆಗೆ ಗದಗದ ಜನ ಕೊಡುವ ಗೌರವ ಎಂಥದ್ದು ಅಂತ ನಾನು ಹೇಳಬೇಕಿಲ್ಲ. ಅಲ್ಲಿ ಒಳಗಿನಿಂದ ಒಬ್ಬ ಹುಡುಗನ ಪಾಠ ಕೇಳಿಸುತ್ತಿತ್ತು. ಒಂದೇ ಸಾಲು, ಮತ್ತೆ ಮತ್ತೆ. ಆಗ ಹೊಳೆಯಿತು: ತೊಸ್ಕನೀನಿಯವರಿಗೂ ದೃಷ್ಟಿ ಬಹಳ ಕಡಿಮೆ. ಮುಂದೆ ಇಟ್ಟ ಸ್ವರಲಿಪಿಯನ್ನು ನಿಂತಲ್ಲಿಂದ ಓದಲು ಆಗುತ್ತಿರಲಿಲ್ಲ. ಹಾಗಾಗಿ ಇಡೀ ಒಪೆರಾಗಳನ್ನು ಬಾಯಿಪಾಠ ಮಾಡಿದ್ದರು, ಒಂದೊಂದು ವಾದ್ಯದ ಒಂದೊಂದು ಸ್ವರ ಸಮೇತ. ನನ್ನ ಮೊದಲ ಕರಡಿನಲ್ಲಿ ಇದು ಆರನೇ ಪುಟದಲ್ಲಿ ಒಂದು ಸಾಲಾಗಿ ಬಿದ್ದಿತ್ತು. ನಮ್ಮ ಓದುಗರು ಮೊದಲೇ ಕೈ ಮುಗಿಯುವ ಗುಣ ಅದು. ಅದನ್ನೇ ದಾರ ಮಾಡಿದೆ.

ಈಗ ಲೇಖನ ಪಾರ್ಮಾದಲ್ಲಿ ಶುರುವಾಗಲಿಲ್ಲ. 1886ರ ಜೂನ್ 30ರ ರಾತ್ರಿ, ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಶುರುವಾಯಿತು. ಇಟಲಿಯ ಒಂದು ಒಪೆರಾ ಕಂಪನಿ ಕ್ಯಾಂಪ್ ಹಾಕಿದೆ. ಆ ರಾತ್ರಿ 'ಆಯಿದಾ'. ಅಲ್ಲಿಯ ಮಾಸ್ತರ ಕಂಪನಿಯವರ ಜೊತೆ ಜಗಳವಾಗಿ ಕೆಲಸ ಬಿಟ್ಟಿದ್ದಾರೆ. ಅವರ ಬದಲು ಬಂದವರನ್ನು ಜನ ಕೂಗಿ ಓಡಿಸಿದ್ದಾರೆ. ಆಗ ವಾದ್ಯದವರ ಸಾಲಿನಿಂದ 19 ವರ್ಷದ ಒಬ್ಬ ಚೆಲ್ಲೊ ವಾದಕ ಹುಡುಗನನ್ನು ಎಬ್ಬಿಸುತ್ತಾರೆ. ಚೆಲ್ಲೊ ಅಂದರೆ ಕೂತು ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ. ಇಡೀ ಒಪೆರಾ ಅವನ ತಲೆಯಲ್ಲಿದೆ ಅಂತ ಜೊತೆಯವರಿಗೆ ಗೊತ್ತಿತ್ತು. ಹುಡುಗ ಹೋಗಿ ನಿಂತ, ಪುಸ್ತಕ ಮುಚ್ಚಿಟ್ಟ, ಕೋಲು ಎತ್ತಿದ. ಕೊನೆಯ ತನಕ ನೋಡದೆ ನಡೆಸಿದ.

ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿದ ಯಾರಿಗೂ ಈ ದೃಶ್ಯ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಸಿಟ್ಟಿಗೆದ್ದ ಮಂದಿ, ನಿಂತುಹೋದ ಆಟ, ಕೆಳಗಿನಿಂದ ಎದ್ದು ಬಂದ ಒಬ್ಬ ಹುಡುಗ. ಕನ್ನಡದಲ್ಲಿ ಇನ್ನೊಂದು ಅನುಕೂಲವೂ ಇದೆ. ಕೋಲು ಎತ್ತುವ ತನಕ 'ಅವನು' ಅಂತ ಬರೆದೆ. ಆ ರಾತ್ರಿ ಮುಗಿದ ಮೇಲಿನ ಸಾಲಿನಿಂದ 'ಅವರು'. ಏನೂ ವಿವರಿಸಲಿಲ್ಲ. ಆದರೆ ಆಮೇಲಿನ ಒಂದು ವಿಷಯ ಬಿಡಲಿಲ್ಲ: ಮರುವರ್ಷ 1887ರಲ್ಲಿ ಮಿಲಾನಿನ ಲಾ ಸ್ಕಾಲಾ ಒಪೆರಾ ಮಂದಿರದಲ್ಲಿ ವೆರ್ದಿಯವರ 'ಒತೆಲ್ಲೊ' ಮೊದಲ ಸಲ ರಂಗಕ್ಕೆ ಬಂದಾಗ ಅವರು ಮತ್ತೆ ಚೆಲ್ಲೊ ಸಾಲಿನಲ್ಲಿ ಕೂತು ನುಡಿಸಿದರು.

ಜಾಸ್ತಿ ಜಾಗ ಕೊಟ್ಟದ್ದು 'ಒನ್ಸ್ ಮೋರ್'ಗೆ. ನಮ್ಮ ಕಡೆ ಹಾಡು ಹಿಡಿಸಿದರೆ ಮಂದಿ ಒನ್ಸ್ ಮೋರ್ ಕೂಗುತ್ತಾರೆ, ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿದ್ದಿದೆ. ಇಟಲಿಯಲ್ಲೂ ಅದೇ ರೂಢಿ. ತೊಸ್ಕನೀನಿ 1898ರಲ್ಲಿ 31ನೇ ವಯಸ್ಸಿಗೆ ಲಾ ಸ್ಕಾಲಾದ ಮುಖ್ಯ ಮಾಸ್ತರರಾದ ಮೇಲೆ ಇದನ್ನು ನಿಲ್ಲಿಸಲು ಹೊರಟರು. ಆಟ ನಡೆಯುವಾಗ ಪ್ರೇಕ್ಷಕರ ಕಡೆ ಕತ್ತಲಿರಬೇಕು, ಮುಂದೆ ಕೂತವರು ದೊಡ್ಡ ಟೋಪಿ ತೆಗೆಯಬೇಕು, ಕಥೆಯನ್ನು ನಡುವೆ ತಡೆಯಬಾರದು. 1903ರಲ್ಲಿ ವೆರ್ದಿಯವರ ಒಂದು ಒಪೆರಾದ ರಾತ್ರಿ ಜನ ಪಟ್ಟು ಹಿಡಿದು ಕೂಗಿದಾಗ ಆಟ ಮುಗಿಯುವ ಮೊದಲೇ ರಂಗಮಂದಿರ ಬಿಟ್ಟು ಹೊರಟರು. ಕೆಲವು ವರ್ಷ ಆ ಕಡೆ ಬರಲಿಲ್ಲ. ಮಾವನಿಗೆ ಇದು ಒಪ್ಪಿಗೆಯಾಗಲಿಲ್ಲ. "ಮಂದಿ ರೊಕ್ಕಾ ಕೊಟ್ಟ ಬಂದಾರ, ಅವರ ಸಂತೋಷಾನೂ ನೋಡಬೇಕಲ್ಲ" ಅಂದರು. ಆ ಮಾತನ್ನೂ ಲೇಖನದಲ್ಲಿ ಹಾಗೇ ಇಟ್ಟೆ. ಓದುಗರು ಯಾರ ಪಕ್ಷ ಹಿಡಿಯಬೇಕು ಅಂತ ನಾನು ಹೇಳಬಾರದು. ವಾದ ಮಾಡುತ್ತಾ ಓದಿದ್ದು ನೆನಪಿನಲ್ಲಿ ಉಳಿಯುತ್ತದೆ.

ಬಿಟ್ಟದ್ದೂ ಬಹಳ. ಅವರ ಸಿಟ್ಟಿನ ಕಥೆಗಳು ನೂರಿವೆ: ಕೋಲು ಮುರಿದದ್ದು, ವಾದ್ಯದವರನ್ನು ಬೈದದ್ದು. ಬರೆದರೆ ಯಾರಾದರೂ ಓದುತ್ತಾರೆ. ಆದರೆ ಆಮೇಲೆ ಅವರಿಗೆ ನೆನಪಿರುವುದು ಸಿಟ್ಟೊಂದೇ. ಬೈಸಿಕೊಂಡ ವಾದಕರಿಗೂ ಮಾನ ಇದೆ. ಎಲ್ಲ ತೆಗೆದೆ. ಇಟ್ಟುಕೊಂಡದ್ದು 1931ರ ಮೇ 14ರಂದು ಇಟಲಿಯ ಬೊಲೊನ್ಯಾ ಊರಿನಲ್ಲಿ ನಡೆದದ್ದು ಒಂದೇ. ಫ್ಯಾಸಿಸ್ಟ್ ಪಕ್ಷದ ಹಾಡು ನುಡಿಸುವುದಿಲ್ಲ ಅಂದದ್ದಕ್ಕೆ ಆ ಪಕ್ಷದವರು ರಂಗಮಂದಿರದ ಬಾಗಿಲಲ್ಲೇ ಅವರ ಕಪಾಳಕ್ಕೆ ಹೊಡೆದರು. ಆಗ ಅವರಿಗೆ 64 ವರ್ಷ. ಆ ಪಟ್ಟು ಅವರಿಗೆ ದೇಶವನ್ನೇ ಬಿಡಿಸಿತು, ಹಾಗಾಗಿ ಅದು ಬೇಕಿತ್ತು.

'ತುರಾಂದೊತ್' ರಾತ್ರಿಯನ್ನು ನಾಲ್ಕು ಸಲ ತಿದ್ದಿದೆ. ಆ ಒಪೆರಾ ಬರೆಯುತ್ತಿದ್ದ ಪುಚ್ಚೀನಿ 1924ರ ನವೆಂಬರ್‌ನಲ್ಲಿ ತೀರಿಕೊಂಡರು. ಕೊನೆಯ ಭಾಗವನ್ನು ಫ್ರಾಂಕೊ ಅಲ್ಫಾನೊ ಪೂರ್ತಿ ಮಾಡಿದರು. 1926ರ ಏಪ್ರಿಲ್ 25, ಲಾ ಸ್ಕಾಲಾದಲ್ಲಿ ಮೊದಲ ಪ್ರದರ್ಶನ. ಲಿಯು ಎಂಬ ದಾಸಿ ಸಾಯುವ ದೃಶ್ಯ ಮುಗಿಯುತ್ತಿದ್ದ ಹಾಗೆ ತೊಸ್ಕನೀನಿ ಕೋಲು ಕೆಳಗಿಟ್ಟರು. ಪುಚ್ಚೀನಿ ಬರೆದದ್ದು ಇಲ್ಲಿಗೆ ಮುಗಿಯಿತು ಅಂತ ಜನರ ಕಡೆ ತಿರುಗಿ ಹೇಳಿದರು. ಪರದೆ ಬಿತ್ತು. ಅಲ್ಫಾನೊ ಬರೆದ ಕೊನೆಯನ್ನು ಜನ ಕೇಳಿದ್ದು ಆಮೇಲಿನ ಪ್ರದರ್ಶನಗಳಲ್ಲಿ. ಮೊದಲು ನಾನು 'ಕಣ್ಣೀರು', 'ಮೌನ', 'ಎದೆ ಭಾರ' ಎಲ್ಲ ಸುರಿದಿದ್ದೆ. ನಾಲ್ಕನೇ ಸಲಕ್ಕೆ ಈ ಕೆಲವು ಸಾಲಷ್ಟೇ ಉಳಿದವು. ಸಂಪಾದಕರು "ನಮ್ಮ ದೇಶದವರು ಯಾರೂ ಇಲ್ವಾ?" ಅಂತ ಕೇಳಿದ್ದಕ್ಕೆ ಅಲ್ಲೇ ಒಂದು ಸಾಲು ಸೇರಿಸಿದೆ: 1936ರಲ್ಲಿ ಮುಂಬೈನಲ್ಲಿ ಹುಟ್ಟಿದ ಜುಬಿನ್ ಮೆಹ್ತಾ 1998ರಲ್ಲಿ ಇದೇ 'ತುರಾಂದೊತ್' ಅನ್ನು ಬೀಜಿಂಗ್‌ನ ಹಳೆಯ ಅರಮನೆಯ ಅಂಗಳದಲ್ಲಿ ನಡೆಸಿದರು. ಕಥೆ ನಡೆಯುವುದೂ ಬೀಜಿಂಗ್‌ನಲ್ಲೇ.

ಕೊನೆ ತಾನಾಗಿಯೇ ಸಿಕ್ಕಿತು. 1954ರ ಏಪ್ರಿಲ್ 4, ನ್ಯೂಯಾರ್ಕಿನ ಕಾರ್ನೆಗಿ ಹಾಲ್. ತೊಸ್ಕನೀನಿಯವರಿಗೆ 87. ವಾಗ್ನರ್ ಅವರ 'ಟಾನ್‌ಹಾಯ್ಸರ್' ಒಪೆರಾದ ಸಂಗೀತ ನಡೆಯುವಾಗ ನೆನಪು ಕೈಕೊಟ್ಟಿತು. ಕೈ ನಿಂತಿತು. ಕಾರ್ಯಕ್ರಮ ನೇರ ಪ್ರಸಾರ ಮಾಡುತ್ತಿದ್ದ ರೇಡಿಯೊದವರು ಗಾಬರಿಯಾಗಿ ಸ್ವಲ್ಪ ಹೊತ್ತು ಬ್ರಾಮ್ಸ್ ಅವರ ಒಂದು ರೆಕಾರ್ಡ್ ಹಾಕಿದರು. ಆಮೇಲೆ ಅವರು ಸುಧಾರಿಸಿಕೊಂಡು ಕಾರ್ಯಕ್ರಮ ಮುಗಿಸಿದರು. ಮತ್ತೆಂದೂ ಜನರ ಮುಂದೆ ನಿಂತು ನಡೆಸಲಿಲ್ಲ. ರಿಯೊದಲ್ಲಿ ಮುಚ್ಚಿಟ್ಟ ಪುಸ್ತಕದಿಂದ ಇಲ್ಲಿಯ ತನಕ ಒಂದೇ ದಾರ.

ಎರಡನೇ ಕರಡನ್ನು ಮಾವನಿಗೆ ಓದಲು ಮತ್ತೆ ಗದಗಕ್ಕೆ ಹೋದೆ. ಈ ಸಲ ಅವರು ನಡುನಡುವೆ ತೊಡೆಯ ಮೇಲೆ ಬೆರಳು ಬಡಿಯುತ್ತಿದ್ದರು. ಕೊನೆಯ ಭಾಗಕ್ಕೆ ಬೆರಳು ನಿಂತಿತು.

"ಮಾಸ್ತರ ಕೈ ನಿಂತಾಗ ವಾದ್ಯದವ್ರು ಏನ ಮಾಡಿದ್ರು? ಬಿಟ್ಟ ಕುಂತ್ರೇನು?"

ಅದನ್ನು ನಾನು ಬರೆದಿರಲಿಲ್ಲ. ಗೊತ್ತಿತ್ತು, ಮುಖ್ಯ ಅನ್ನಿಸಿರಲಿಲ್ಲ. ಅವರು ಬಿಟ್ಟು ಕೂರಲಿಲ್ಲ. ಮುಂದಿನ ಸಾಲಿನಿಂದ ಫ್ರ್ಯಾಂಕ್ ಮಿಲ್ಲರ್ ಎಂಬ ವಾದಕ ಸನ್ನೆ ಮಾಡಿ ಉಳಿದವರನ್ನು ಹಿಡಿದಿಡಲು ನೋಡಿದರು ಅಂತ ಹೇಳಿದೆ.

"ಅಂವ ಏನ ನುಡಸ್ತಿದ್ದ?"

"ಚೆಲ್ಲೊ, ಮಾವ."

ಮಾವ ಸ್ವಲ್ಪ ಹೊತ್ತು ಸುಮ್ನೆ ಕೂತರು. "ಅದನ್ನ ಬರಿ" ಅಂದರು. ಅಲ್ಲೇ ಕೂತು ಆ ಸಾಲು ಸೇರಿಸಿದೆ.