ಮನೆ ಮಕ್ಕಳ ಹೆಸರಿಗೆ: ದಾನಪತ್ರ ಮಾಡಿಸುವುದು ಹೇಗೆ?

ಸುಗ್ಗಿಯ ಹಬ್ಬ ಹುತ್ತರಿಗೆ ಮಕ್ಕಳೆಲ್ಲ ಊರಿಗೆ ಬಂದಾಗ ಮನೆಯನ್ನು ಅವರ ಹೆಸರಿಗೆ ಮಾಡಿಸಿಬಿಡೋಣ ಎನ್ನುವ ಹಿರಿಯರು ಕೊಡಗಿನಲ್ಲಿ ಜಾಸ್ತಿ. ಮಾಡಿಸಬಹುದು. ಆದರೆ ಮೊದಲು ಕಪಾಟಿನಲ್ಲಿರುವ ಕಾಗದಗಳನ್ನು ತೆಗೆದು ನೋಡಿ.

ಮನೆ ನಿಜವಾಗಿ ಯಾರದ್ದು? ನೀವೇ ದುಡಿದು ಕುಶಾಲನಗರದಲ್ಲೋ ವಿರಾಜಪೇಟೆಯಲ್ಲೋ ಸೈಟು ಕೊಂಡು ಕಟ್ಟಿಸಿದ್ದರೆ ಇಷ್ಟ ಬಂದವರಿಗೆ ಕೊಡಬಹುದು. ಜಮ್ಮಾ ಜಾಗದ, ಅಂದರೆ ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನ ಕಥೆಯೇ ಬೇರೆ. ಪಹಣಿಯಲ್ಲಿ ಪಟ್ಟೆದಾರ (ಕುಟುಂಬದ ಯಜಮಾನ) ಎಂದು ನಿಮ್ಮ ಹೆಸರಿದ್ದ ಮಾತ್ರಕ್ಕೆ ಜಾಗವೆಲ್ಲ ನಿಮ್ಮೊಬ್ಬರದ್ದಲ್ಲ, ಒಕ್ಕದ, ಅಂದರೆ ನಿಮ್ಮ ಮನೆತನದ, ಉಳಿದವರ ಹಕ್ಕೂ ಅದರಲ್ಲಿದೆ. ಹಾಗಾಗಿ ಮೊದಲು ಪಾಲು ಇತ್ಯರ್ಥ ಆಗಬೇಕು. (ಇಡೀ ಒಕ್ಕಕ್ಕೆ ಸೇರಿದ ಮೂಲಮನೆ, ಐನ್‌ಮನೆಯ ಮಾತಂತೂ ಎತ್ತಲೇಬೇಡಿ.) ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ. ‘ಅವಳು ಮದುವೆಯಾಗಿ ಹೋದಳಲ್ಲ’ ಎಂಬ ವಾದ ನಡೆಯುವುದಿಲ್ಲ.

ತೋಟದೊಳಗಿನ ಮನೆಗೆ ಬೇರೆ ಖಾತೆ ಇಲ್ಲದಿದ್ದರೆ ಅದು ಜಮೀನಿನ ಜೊತೆಗೇ ಹೋಗುತ್ತದೆ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಡುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ಇಲಾಖೆಯ 11ಇ ನಕ್ಷೆ ಬೇಕು. ಅಳತೆಗೆ ಮಳೆ ಬಿಟ್ಟ ಮೇಲೆ ಕರೆಸುವುದೇ ಒಳ್ಳೆಯದು. ಇನ್ನೊಂದು ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ: ಅನಿವಾಸಿ ಭಾರತೀಯರಾದ ಮಕ್ಕಳು ಪೇಟೆಯ ಮನೆಯನ್ನು ದಾನವಾಗಿ ಪಡೆಯಬಹುದು, ಕಾಫಿ ತೋಟ ಅಥವಾ ತೋಟದ ಮನೆಯನ್ನು ಪಡೆಯುವಂತಿಲ್ಲ. ಅದು ಅವರಿಗೆ ವಾರಸಿನಿಂದ ಬರಬಹುದು. ಅಂಥವರಿಗೆ ವಿಲ್ ಬರೆದಿಡಿ.

ಹಾಗೆ ನೋಡಿದರೆ, ಇರುವುದೊಂದೇ ಮನೆ ಎಂದಾದರೆ ವಿಲ್ಲೇ ಸಾಕು ಎಂಬುದು ನನ್ನ ಅಭಿಪ್ರಾಯ. ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಆಯಿತು, ನೋಂದಣಿ ಕಡ್ಡಾಯವಲ್ಲ. ಮನಸ್ಸು ಬದಲಾದರೆ ಹರಿದು ಹಾಕಿ ಬೇರೆ ಬರೆಯಬಹುದು. ದಾನಪತ್ರ ಹಾಗಲ್ಲ. ನೋಂದಣಿಯಾದ ಮೇಲೆ ‘ಬೇಡ, ವಾಪಸ್ ಕೊಡು’ ಎಂದರೆ ಬರುವುದಿಲ್ಲ.

ಆದರೂ ದಾನವೇ ಬೇಕೆಂದರೆ, ಪತ್ರದಲ್ಲಿ ಎರಡು ಮಾತು ಇರಲೇಬೇಕು. ಒಂದು, ತಂದೆ-ತಾಯಿ ಇಬ್ಬರಿಗೂ, ತಾವು ಬದುಕಿರುವವರೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ಇರುತ್ತದೆ, ಒಬ್ಬರು ತೀರಿಕೊಂಡರೂ ಇನ್ನೊಬ್ಬರ ಹಕ್ಕು ಉಳಿಯುತ್ತದೆ. ಇದನ್ನು ಬಿಡಿಸಿ ಬರೆಸಿ. ಎರಡು, ಮಕ್ಕಳು ಅವರ ಊಟ, ಔಷಧಿ, ಆರೈಕೆ ನೋಡಿಕೊಳ್ಳಬೇಕು ಎಂಬ ಷರತ್ತು. ಈ ಷರತ್ತು ಮುರಿದರೆ, ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ದಾನಪತ್ರವನ್ನು ರದ್ದು ಮಾಡಿಸಬಹುದು. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ಷರತ್ತೇ ಬರೆಸದಿದ್ದರೆ ಅಲ್ಲಿ ವಾದ ಮಾಡುವುದು ಕಷ್ಟ. ‘ಮಗನ ಮೇಲೆ ನಂಬಿಕೆ ಇಲ್ವಾ?’ ಎಂದು ಯಾರಾದರೂ ಕೇಳಿದರೆ ಸುಮ್ನೆ ನಕ್ಕು ಬರೆಸಿ. ಒಳ್ಳೆಯ ಮಗನಿಗೆ ಆ ಸಾಲಿನಿಂದ ನಷ್ಟವೇನಿಲ್ಲ, ಅಲ್ವಾ?

ಮುಂದಿನದು ಓಡಾಟ. ಇ-ಖಾತೆ ಅಥವಾ ಪಹಣಿ, ಋಣಭಾರ ಪತ್ರ, ಕಂದಾಯ ರಶೀದಿ, ಎಲ್ಲರ ಆಧಾರ್ ಸೇರಿಸಿಡಿ. ಮನೆಯ ಮೇಲೆ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಪಂಚಾಯಿತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತು (ಪಂಚಾಯಿತಿಯ ಆನ್‌ಲೈನ್ ಖಾತೆ) ಆಗದಿದ್ದರೆ ಮೊದಲು ಅದನ್ನು ಮಾಡಿಸಿ, ತಡವಾಗುವುದು ಹೆಚ್ಚಾಗಿ ಅಲ್ಲೇ. ಪತ್ರದ ಕರಡನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಹಾಕಿ, ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಳ್ಳಿ. ಮಕ್ಕಳಿಗೆ ಕೊಡುವ ದಾನಕ್ಕೆ ಮುದ್ರಾಂಕ ಶುಲ್ಕ ಮನೆಯ ಬೆಲೆಯ ಮೇಲೆ ಶೇಕಡಾವಾರು ಅಲ್ಲ, ನಿಗದಿತ ಮೊತ್ತ. ಆದಾಯ ತೆರಿಗೆಯೂ ಬೀಳುವುದಿಲ್ಲ. ಹುತ್ತರಿಯ ರಜೆ ಕೊಡಗಿಗೆ ಮಾತ್ರ, ಆ ದಿನ ಇಲ್ಲಿನ ಕಚೇರಿ ತೆರೆದಿರುವುದಿಲ್ಲ ಎಂಬುದನ್ನು ಮರೆತು ಹೊರಜಿಲ್ಲೆಯ ಮಕ್ಕಳು ಅದೇ ದಿನ ಬುಕ್ ಮಾಡಿಬಿಟ್ಟಾರು, ಹೇಳಿಡಿ. ಗೊತ್ತುಮಾಡಿಕೊಂಡ ದಿನ ಇಬ್ಬರು ಸಾಕ್ಷಿಗಳ ಜೊತೆ ಉಪನೋಂದಣಿ ಕಚೇರಿಗೆ ಹೋಗಿ. ಮಗನೋ ಮಗಳೋ ದಾನವನ್ನು ಒಪ್ಪಿಕೊಂಡಿದ್ದೇನೆ ಎಂದು ಸಹಿ ಹಾಕಬೇಕು. ನಿಮ್ಮ ಜೀವಿತಕಾಲದಲ್ಲೇ ಈ ಒಪ್ಪಿಗೆ ಆಗದಿದ್ದರೆ ದಾನ ಊರ್ಜಿತವಲ್ಲ.

ನೋಂದಣಿಗೇ ಕೆಲಸ ಮುಗಿಯಿತು ಎಂದು ಕೂರಬೇಡಿ. ಖಾತೆ ಬದಲಾವಣೆ ಆಗಿದೆಯೇ ಎಂದು ಪಂಚಾಯಿತಿ ಅಥವಾ ಪುರಸಭೆಯಲ್ಲಿ ನೋಡಿ, ಜಮೀನಾದರೆ ಹೊಸ ಪಹಣಿ ತೆಗೆಸಿ. ಆಮೇಲೆ ಚೆಸ್ಕಾಂನ ಕರೆಂಟ್ ಬಿಲ್ಲು, ನೀರಿನ ಬಿಲ್ಲುಗಳಲ್ಲೂ ಹೆಸರು ಬದಲಿಸಿ. ನೋಂದಾಯಿತ ಪತ್ರದ ದೃಢೀಕೃತ ನಕಲು ಒಂದನ್ನು ಅಪ್ಪ-ಅಮ್ಮ ತಮ್ಮ ಬಳಿಯೇ ಇಟ್ಟುಕೊಳ್ಳಲಿ, ಮಕ್ಕಳ ಬೀರುವಿನಲ್ಲಲ್ಲ.