ಮುಂಬಯಿ–ಪುಣೆ ರೈಲುಹಾದಿಯಲ್ಲಿ ರೇಖಾತ್ಮಕ ಸಮೀಕರಣ

ಮುಂಬಯಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಬೀಜಗಣಿತ ಹೇಳಿಕೊಡುವವರು ಸೂತ್ರಕ್ಕಿಂತ ಮೊದಲು ಬದಲಾವಣೆಯನ್ನು ತೋರಿಸಬೇಕು. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಪುಣೆಗೆ ರೈಲುಹಾದಿ 192 ಕಿಲೋಮೀಟರ್. ರೈಲು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದೇ ಸಮನೆ ಸಾಗುತ್ತದೆಂದು ಭಾವಿಸಿದರೆ (ಭೋರ್ ಘಾಟಿನ ಏರಿನಲ್ಲಿ ಇದು ಸಾಧ್ಯವಿಲ್ಲ, ಆದರೆ ಕಲಿಕೆಗೆ ಈ ಊಹೆ ಸಾಕು), ‘ಸ’ ಗಂಟೆಗಳ ಬಳಿಕ ಉಳಿಯುವ ದೂರ ‘ದ’ ಹೀಗಿರುತ್ತದೆ:

ದ = 192 − 60ಸ

‘ಸ’ದ ಬೆಲೆ 0, 1, 2, 3 ಆದಾಗ ‘ದ’ದ ಬೆಲೆ 192, 132, 72, 12 ಆಗುತ್ತದೆ. ಪ್ರತಿ ಗಂಟೆಗೂ ಇಳಿಕೆ 60 ಮಾತ್ರ. ಈ ಸ್ಥಿರತೆಯೇ ರೇಖಾತ್ಮಕ ಫಲನದ (ಒಂದರ ಬೆಲೆ ಕೊಟ್ಟರೆ ಇನ್ನೊಂದರ ಬೆಲೆ ಹೇಳುವ ಇಂಥ ನಿಯಮದ) ಲಕ್ಷಣವಾಗಿದ್ದು, ಗ್ರಾಫ್ ಹಾಳೆಯಲ್ಲಿ ಬಿಂದುಗಳನ್ನು ಗುರುತಿಸಿದರೆ ಅವು ಒಂದೇ ಸರಳರೇಖೆಯ ಮೇಲೆ ಕೂಡುತ್ತವೆ. ಆರಂಭದ 192 ರೇಖೆಯು ಲಂಬಾಕ್ಷವನ್ನು ಕತ್ತರಿಸುವ ಜಾಗ, −60 ಅದರ ಇಳಿಜಾರು.

ಫಲನವು ಎಲ್ಲ ಗಳಿಗೆಗಳನ್ನೂ ಒಟ್ಟಿಗೆ ಹೇಳುತ್ತದೆ. ಸಮೀಕರಣವು ಒಂದು ಗಳಿಗೆಯನ್ನು ಕೇಳುತ್ತದೆ. 42 ಕಿಲೋಮೀಟರ್ ಉಳಿಯುವುದು ಯಾವಾಗ? 192 − 60ಸ = 42. ಎರಡೂ ಬದಿಯಿಂದ 192 ಕಳೆದರೆ −60ಸ = −150; ಎರಡೂ ಬದಿಯನ್ನು −60ರಿಂದ ಭಾಗಿಸಿದರೆ ಸ = 2.5. ‘ಆಚೆಗೆ ಹೋದರೆ ಚಿಹ್ನೆ ಬದಲಾಗುತ್ತದೆ’ ಎಂದು ಬಾಯಿಪಾಠ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಕಾರಣ ತಿಳಿಯದ ಮಗು −60ರಿಂದ ಭಾಗಿಸುವ ಬದಲು ಅದರ ಚಿಹ್ನೆಯನ್ನೂ ಬದಲಿಸಿ 60 ಕೂಡಿಸಿಬಿಡುತ್ತದೆ. ಉತ್ತರವನ್ನು ಮೂಲ ಸಮೀಕರಣದಲ್ಲಿಟ್ಟು ತಾಳೆ ನೋಡಿಸಿ: 192 − 150 = 42.

ದ = 0 ಆದಾಗ ಸ = 3.2, ಅಂದರೆ 3 ಗಂಟೆ 12 ನಿಮಿಷ. ಅದರಾಚೆಗೆ ಸೂತ್ರವು ಋಣಸಂಖ್ಯೆ ಕೊಡುವುದರಿಂದ, ‘ಸ’ದ ಬೆಲೆಯನ್ನು 0ರಿಂದ 3.2ರವರೆಗೆ ಮಾತ್ರ ತೆಗೆದುಕೊಳ್ಳಬೇಕು.